ಸಾಲದ ಲೆನ್ಸ್ ಬೇಡ, ಸುದ್ದಿಯ ಲೆನ್ಸ್ ಸಾಕು

ಹಳ್ಳಿಯಲ್ಲೇ ಇದ್ದು ವರದಿ ಮಾಡುತ್ತೇವೆ ಅನ್ನುವ ತಮ್ಮ ತಂಗಿಯರಿಂದ ನಮಗೆ ಬರುವ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಇರುತ್ತದೆ: "ಅಣ್ಣಾ, ಕ್ಯಾಮೆರಾ ಇದೆ. ಲೆನ್ಸ್ ಯಾವುದು ತಗೊಳ್ಳಲಿ?" ಅದರ ಬೆನ್ನಿಗೇ ಇನ್ನೊಂದು ಸಾಲು: "24-70 ಎಫ್ 2.8 ತಗೊಂಡ್ರೇನೇ ಪ್ರೊಫೆಷನಲ್ ಅಂತಾರೆ. ಲೋನ್ ಸಿಗುತ್ತೆ. ತಗೊಳ್ಳಲಾ?"

ಬೇಡ. ನಮ್ಮ ಉತ್ತರ ಇಷ್ಟೇ. ಯಾಕೆ ಬೇಡ, ಅದರ ಬದಲು ಏನು ಬೇಕು ಅನ್ನೋದನ್ನ ಇವತ್ತು ಬಿಡಿಸಿ ಹೇಳುತ್ತೇವೆ. ಯಾಕಂದ್ರೆ ಈ ಒಂದು ತಪ್ಪು ಉಪದೇಶದಿಂದ ಹಳ್ಳಿ ಪತ್ರಿಕೋದ್ಯಮಕ್ಕೆ ಆಗುತ್ತಿರುವ ನಷ್ಟ ಸಣ್ಣದಲ್ಲ.

ನಾವು ಇದನ್ನು ಬರೆಯುತ್ತಿರುವುದು ನಾಗರಬಾವಿಯಿಂದ. ಒಂದು ಕಡೆ ಮೈಸೂರು ರಸ್ತೆ, ಇನ್ನೊಂದು ಕಡೆ ಮಾಗಡಿ ರಸ್ತೆ, ಪಕ್ಕದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಓದಲಿಕ್ಕೆ ಅಂತ ಹಳ್ಳಿಗಳಿಂದ ಬಂದು ಮೂರು ನಾಲ್ಕು ಜನ ಸೇರಿ ರೂಮು ಮಾಡಿಕೊಂಡು, ಒಂದೇ ಕ್ಯಾಮೆರಾ ಹಂಚಿಕೊಂಡು ಕಲಿತವರು ಇಲ್ಲಿ ಬೇಕಾದಷ್ಟಿದ್ದಾರೆ. ನಾವೂ ಅಂಥವರೇ. ನಮ್ಮ ಜೊತೆ ಓದಿದ ಕೆಲವರು ಕೋರ್ಸ್ ಮುಗಿದ ಕೂಡಲೇ ಕಂತಿನ ಮೇಲೆ ದೊಡ್ಡ ಲೆನ್ಸ್ ತಗೊಂಡರು. ಕಂತು ಕಟ್ಟಲಿಕ್ಕೆ ಮದುವೆ ಫೋಟೋಗೆ ಹೋದರು. ಮದುವೆ ಸೀಸನ್ ಮುಗಿದ ಮೇಲೆ ಪ್ರಿ-ವೆಡ್ಡಿಂಗ್, ನಾಮಕರಣ, ಬರ್ತ್‌ಡೇ. ಈಗ ಅವರ ಹತ್ತಿರ ಒಳ್ಳೇ ಲೆನ್ಸ್ ಇದೆ, ಅವರೂರಿನ ಸುದ್ದಿ ಬರೆಯಲಿಕ್ಕೆ ಮಾತ್ರ ಯಾರೂ ಇಲ್ಲ.

ಲೆಕ್ಕ ಮಾಡಿ ನೋಡಿ. ದೊಡ್ಡ ಕಂಪನಿಗಳ ಹೊಸ 24-70 ಎಫ್ 2.8 ಅಂದರೆ ಲಕ್ಷ ದಾಟುವ ಮಾಲು. ಒಂದು ಲಕ್ಷದ ಇಪ್ಪತ್ತು ಸಾವಿರ ಅಂತಲೇ ಇಟ್ಟುಕೊಳ್ಳೋಣ. ಅದನ್ನು 24 ಕಂತು ಮಾಡಿದರೆ ಬಡ್ಡಿ ಬಿಟ್ಟೇ ತಿಂಗಳಿಗೆ 5,000 ರೂಪಾಯಿ. ಬಿಡಿ ಸುದ್ದಿ, ಬಿಡಿ ಫೋಟೋ ಕಳಿಸುವ ಹಳ್ಳಿ ವರದಿಗಾರನಿಗೆ ಪತ್ರಿಕೆಯಿಂದ ತಿಂಗಳಿಗೆ ಎಷ್ಟು ಬರುತ್ತದೆ ಅಂತ ನಿಮ್ಮ ಹೋಬಳಿಯಲ್ಲಿ ಯಾರನ್ನಾದರೂ ಕೇಳಿ. ಪೆಟ್ರೋಲಿಗೂ ಸಾಲದ ದುಡ್ಡಿನಲ್ಲಿ ಲೆನ್ಸಿನ ಕಂತು ಕಟ್ಟುವುದು ಯಾವ ಲೆಕ್ಕ?

ಎಫ್ 2.8 ಅಂದರೆ ಏನು, ಅದಕ್ಕೆ ಯಾಕೆ ಅಷ್ಟು ದುಡ್ಡು

ಎಫ್ ಸಂಖ್ಯೆ ಅಂದರೆ ಲೆನ್ಸಿನ ಕಿಂಡಿ ಎಷ್ಟು ದೊಡ್ಡದಾಗಿ ತೆರೆಯುತ್ತದೆ ಅನ್ನುವ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 5.6ಕ್ಕೆ ಹೋಲಿಸಿದರೆ ಎಫ್ 2.8ರಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಝೂಮ್ ಪೂರ್ತಿ ಅಷ್ಟು ದೊಡ್ಡ ಕಿಂಡಿ ಇರಬೇಕಾದರೆ ದೊಡ್ಡ ದೊಡ್ಡ ಗಾಜು ಬೇಕು. ಅದಕ್ಕೇ ತೂಕ, ಅದಕ್ಕೇ ಬೆಲೆ. ಇದರಲ್ಲಿ ಮೋಸ ಏನೂ ಇಲ್ಲ. ಒಳ್ಳೆಯ ವಸ್ತುವೇ. ಪ್ರಶ್ನೆ ಇರುವುದು ಅದು ನಮ್ಮ ಕೆಲಸಕ್ಕೆ ಬೇಕಾ ಅನ್ನೋದು.

ದೊಡ್ಡ ಕಿಂಡಿಯಿಂದ ಎರಡು ಲಾಭ ಅಂತಾರೆ. ಒಂದು, ಹಿನ್ನೆಲೆ ಬೆಣ್ಣೆಯಂತೆ ಮಸುಕಾಗುತ್ತದೆ. ಎರಡು, ಕಡಿಮೆ ಬೆಳಕಲ್ಲೂ ಫೋಟೋ ಬರುತ್ತದೆ. ಒಂದೊಂದಾಗಿ ನೋಡೋಣ.

ಹಿನ್ನೆಲೆ ಮಸುಕಾದರೆ ಸಾಕ್ಷಿ ಹೋಯಿತು

ಮಾಡೆಲ್ ಫೋಟೋದಲ್ಲಿ ಹಿಂದೆ ಏನಿದೆ ಅಂತ ಯಾರಿಗೂ ಬೇಡ. ಹಳ್ಳಿ ಸುದ್ದಿಯ ಫೋಟೋದಲ್ಲಿ ಹಿಂದೆ ಇರುವುದೇ ಸುದ್ದಿ.

ಕೆರೆ ಏರಿ ಬಿರುಕು ಬಿಟ್ಟಿದೆ ಅಂತ ರೈತರೊಬ್ಬರು ದೂರುತ್ತಾರೆ. ಅವರ ಮುಖ ಚೆನ್ನಾಗಿ ಬಂದು, ಹಿಂದಿನ ಏರಿ ಹಸಿರು ಕಂದು ಬಣ್ಣದ ಮೋಡವಾಗಿ ಕಂಡರೆ ಆ ಫೋಟೋ ಯಾವ ಇಂಜಿನಿಯರನ್ನು ಕೇಳುತ್ತದೆ? ಉದ್ಯೋಗ ಖಾತ್ರಿ ಕಾಮಗಾರಿಯ ಜಾಗದಲ್ಲಿ ನಾಮಫಲಕ ಇರುತ್ತದೆ. ಕೆಲಸದ ಹೆಸರು, ಮೊತ್ತ ಅದರ ಮೇಲೆ ಇರುತ್ತದೆ. ಕೂಲಿ ಸಿಗದ ಹೆಣ್ಣುಮಗಳ ಹಿಂದೆ ಆ ಫಲಕ ಓದುವಂತೆ ಬಂದರೆ ಅದು ದಾಖಲೆ. ಮಸುಕಾಗಿ ಬಂದರೆ ಅದು ಬರೀ ಒಂದು ಚಂದದ ಮುಖ.

ಲೆಕ್ಕ ಹೇಳುತ್ತೇವೆ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 24-70 ಹಾಕಿ, 70 ಎಂಎಂ, ಎಫ್ 2.8 ಇಟ್ಟು, ಹತ್ತು ಅಡಿ ದೂರದಲ್ಲಿ ನಿಂತವರಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರುವ ಜಾಗದ ಆಳ ಹೆಚ್ಚುಕಮ್ಮಿ ಒಂದು ಅಡಿ. ಅವರ ಮುಖ, ಹೆಗಲು ಅಷ್ಟೇ. ಅದೇ ನಿಮ್ಮ ಸಾದಾ ಡಿಎಸ್‌ಎಲ್‌ಆರ್‌ನಲ್ಲಿ 18 ಎಂಎಂ, ಎಫ್ 8 ಇಟ್ಟು ಹತ್ತು ಅಡಿಗೆ ಫೋಕಸ್ ಮಾಡಿ. ನಾಲ್ಕೈದು ಅಡಿಯಿಂದ ಹಿಡಿದು ದೂರದ ಗುಡ್ಡದವರೆಗೆ ಎಲ್ಲವೂ ಓದುವಂತೆ ಬರುತ್ತದೆ. ಬಿಸಿಲಲ್ಲಿ ಇದಕ್ಕೆ ಐಎಸ್‌ಒ 100, ಶಟರ್ 1/400 ಸಾಕು. ಹೊಲ, ಕೆರೆ, ರಸ್ತೆ, ಸಂತೆ, ಶಾಲೆ ಅಂಗಳ, ನಮ್ಮ ಕೆಲಸದ ಬಹುಪಾಲು ನಡೆಯುವುದು ಬಿಸಿಲಲ್ಲೇ ಅಲ್ಲವೇ?

"ದೊಡ್ಡ ಲೆನ್ಸನ್ನೂ ಎಫ್ 8ಕ್ಕೆ ಇಡಬಹುದಲ್ಲಾ" ಅಂತ ಕೇಳುತ್ತೀರಿ. ಧಾರಾಳವಾಗಿ ಇಡಬಹುದು. ಹಾಗಾದರೆ 2.8ಕ್ಕೆ ಅಂತ ಕೊಟ್ಟ ದುಡ್ಡು ಎಲ್ಲಿ ಹೋಯಿತು?

ಕಡಿಮೆ ಬೆಳಕಿನ ಹೆದರಿಕೆ

ಎರಡನೇ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇವೆ. ಪಂಚಾಯಿತಿ ಸಭಾಂಗಣ ಕತ್ತಲೆ. ಟ್ಯೂಬ್‌ಲೈಟು ಎರಡಿದ್ದರೆ ಒಂದು ಮಿಣಮಿಣ. ಅಲ್ಲಿ ಎಫ್ 5.6 ಲೆನ್ಸಿಗೆ ಕಷ್ಟ.

ಆದರೆ ಎಷ್ಟು ಕಷ್ಟ? ಫಿಲಂ ಕಾಲದಲ್ಲಿ ಪತ್ರಿಕಾ ಛಾಯಾಗ್ರಾಹಕರು ನೆಚ್ಚಿಕೊಂಡಿದ್ದ ಕಪ್ಪು-ಬಿಳುಪು ಫಿಲಮ್ಮಿನ ವೇಗ 400. ಆ ಫಿಲಂ ಹಾಕಿ ಎಫ್ 2.8 ಲೆನ್ಸಿನಲ್ಲಿ ಎಷ್ಟು ಬೆಳಕಿಗೆ ಫೋಟೋ ತೆಗೆಯಬಹುದಿತ್ತೋ, ಅಷ್ಟೇ ಬೆಳಕಿಗೆ ಇವತ್ತು ನಿಮ್ಮ ಎಫ್ 5.6 ಲೆನ್ಸಿನಲ್ಲಿ ಐಎಸ್‌ಒ 1600 ಇಟ್ಟು ತೆಗೆಯಬಹುದು. ನಿಮ್ಮ ಕ್ಯಾಮೆರಾ 1600ಕ್ಕೆ ಬೆವರುವುದೂ ಇಲ್ಲ. 3200 ಇಟ್ಟರೆ ಸಾಧಾರಣ ಬೆಳಕಿನ ಸಭಾಂಗಣದಲ್ಲಿ 1/125ರ ಆಸುಪಾಸು ಶಟರ್ ಸಿಗುತ್ತದೆ. ನಿಂತು ಮಾತಾಡುವವರನ್ನು ಹಿಡಿಯಲು ಅಷ್ಟು ಸಾಕು.

"ನಾಯ್ಸ್ ಬರುತ್ತೆ, ಕಾಳು ಕಾಳು ಕಾಣುತ್ತೆ" ಅಂತಾರೆ. ಯಾರಿಗೆ ಕಾಣುತ್ತೆ? 24 ಮೆಗಾಪಿಕ್ಸೆಲ್ ಫೋಟೋದ ಅಗಲ 6,000 ಪಿಕ್ಸೆಲ್. ನೀವು ಈಗ ಇದನ್ನು ಓದುತ್ತಿರುವ ಮೊಬೈಲಿನ ಅಗಲ 720 ಅಥವಾ 1,080 ಪಿಕ್ಸೆಲ್ ಇರಬಹುದು. ಫೋಟೋ ಅಷ್ಟಕ್ಕೆ ಕುಗ್ಗಿದಾಗ ಕಾಳೆಲ್ಲ ಮುಚ್ಚಿಹೋಗುತ್ತದೆ. ಪತ್ರಿಕೆಯಲ್ಲಿ ಎರಡು ಕಾಲಂ ಅಗಲಕ್ಕೆ ಅಚ್ಚಾದರೂ ಅಷ್ಟೇ. ಕಂಪ್ಯೂಟರಿನಲ್ಲಿ ನೂರು ಪರ್ಸೆಂಟ್ ದೊಡ್ಡದು ಮಾಡಿ ಮೂಲೆ ಮೂಲೆ ನೋಡುವವರು ಲೆನ್ಸ್ ಮಾರುವವರು ಮತ್ತು ಲೆನ್ಸ್ ವಿಮರ್ಶೆ ಮಾಡುವವರು. ನಮ್ಮ ಓದುಗರಲ್ಲ.

ರಾತ್ರಿ ಜಾತ್ರೆ, ಬಯಲಾಟ, ಕತ್ತಲಲ್ಲಿ ಕುಣಿಯುವವರು ಅಂದರೆ ಮಾತು ಬೇರೆ. ಅಲ್ಲಿ ಈ ಲೆನ್ಸ್ ಸೋಲುತ್ತದೆ. ಅದಕ್ಕೆ ಉಪಾಯ ಲಕ್ಷದ ಝೂಮ್ ಅಲ್ಲ, 50 ಎಂಎಂ ಎಫ್ 1.8. ಕ್ಯಾನನ್, ನಿಕಾನ್ ಎರಡರಲ್ಲೂ ಅತಿ ಅಗ್ಗದ ಲೆನ್ಸುಗಳ ಸಾಲಿನಲ್ಲಿ ಇದು ಬರುತ್ತದೆ. ಎಫ್ 2.8ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ. ಜೇಬಿನಲ್ಲಿ ಹಿಡಿಯುತ್ತದೆ.

ಹಾಗಾದರೆ ಬೇಕಾದ್ದು ಯಾವುದು

ನಮ್ಮ ಕೆಲಸದ ಒಂದು ದಿನ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಬೆಳಿಗ್ಗೆ ಮಳೆಗೆ ಗೋಡೆ ಕುಸಿದ ಮನೆ. ಹನ್ನೊಂದಕ್ಕೆ ಶಾಸಕರ ಭಾಷಣ. ಮಧ್ಯಾಹ್ನ ಹೊಲದಲ್ಲಿ ಹುಳು. ಈ ಮೂರನ್ನೂ ಲೆನ್ಸ್ ಬಿಚ್ಚದೆ ಹಿಡಿಯಬೇಕು. ಲೆನ್ಸ್ ಬಿಚ್ಚಿ ಹಾಕುತ್ತಾ ಕೂತರೆ ಕೆಂಪು ಧೂಳು ಸೆನ್ಸರ್ ಮೇಲೆ, ಸುದ್ದಿ ಮುಂದಿನೂರಿಗೆ.

ಒಂದು ಸುಲಭ ಲೆಕ್ಕ ಕಲಿತುಕೊಳ್ಳಿ. ಸಾದಾ ಡಿಎಸ್‌ಎಲ್‌ಆರ್ ಸೆನ್ಸರಿನ ಅಗಲ ಕ್ಯಾನನ್‌ನಲ್ಲಿ 22.3 ಎಂಎಂ, ನಿಕಾನ್‌ನಲ್ಲಿ ಸುಮಾರು 23.5. ಆ ಅಗಲವನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ದೂರದಿಂದ ಗುಣಿಸಿ. ಫೋಟೋದಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಅಂತ ಬರುತ್ತದೆ.

ಕುಸಿದ ಮನೆಯೊಳಗೆ ಹತ್ತು ಅಡಿ ದೂರದಿಂದ 18 ಎಂಎಂನಲ್ಲಿ ಹನ್ನೆರಡು ಅಡಿ ಗೋಡೆ ಪೂರ್ತಿ ಬರುತ್ತದೆ. ಅದೇ ಕ್ಯಾಮೆರಾಕ್ಕೆ ಆ ಲಕ್ಷದ 24-70 ಹಾಕಿದರೆ 24 ಎಂಎಂನಲ್ಲಿ ಒಂಬತ್ತು ಅಡಿ ಚಿಲ್ಲರೆ ಅಷ್ಟೇ. ಕುಸಿದ ಮೂಲೆಯೇ ಹೊರಗೆ ಉಳಿಯಬಹುದು. ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಮಾಡಿದ ಲೆನ್ಸನ್ನು ಸಾದಾ ಬಾಡಿಗೆ ಹಾಕಿದರೆ ಹೀಗೇ ಆಗುವುದು. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಭಾಷಣಕ್ಕೆ ಬನ್ನಿ. ವೇದಿಕೆಯಿಂದ ಮೂವತ್ತು ಅಡಿ ಹಿಂದೆ ಪತ್ರಕರ್ತರ ಸಾಲು. 55 ಎಂಎಂನಲ್ಲಿ ಹನ್ನೆರಡು ಅಡಿ ಅಗಲ ಬರುತ್ತದೆ, ಅರ್ಧ ವೇದಿಕೆ ಮತ್ತು ಹೂವಿನ ಕುಂಡ. 135 ಎಂಎಂನಲ್ಲಿ ಐದು ಅಡಿ. ಭಾಷಣ ಮಾಡುವವರ ಮುಖ, ಕೈ, ಮೈಕು. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ ಸೋಲುವುದು ಇಲ್ಲಿ.

ಇನ್ನು ಹುಳು. ಮುಸುಕಿನ ಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಾಣಿಸಿದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಅದನ್ನು ಗುರುತಿಸುವುದು ತಲೆ ಮೇಲಿನ ತಲೆಕೆಳಗಾದ ವೈ ಆಕಾರದ ಗೆರೆಯಿಂದ. ಆ ಗೆರೆ ಕಾಣದ ಫೋಟೋ ಕಳಿಸಿದರೆ ಕೃಷಿ ಅಧಿಕಾರಿ "ಇದು ಬೇರೆ ಹುಳು ಇರಬಹುದು" ಅಂದುಬಿಡಬಹುದು. ಕ್ಯಾನನ್ 18-135 ಎಸ್‌ಟಿಎಂ ಲೆನ್ಸಿನಲ್ಲಿ ಪೂರ್ತಿ ಝೂಮ್ ಮಾಡಿ ಹತ್ತಿರ ಹೋದರೆ ಎಂಟು ಸೆಂಟಿಮೀಟರ್ ಜಾಗವೇ ಫೋಟೋ ತುಂಬುತ್ತದೆ. ಮೂರ್ನಾಲ್ಕು ಸೆಂಟಿಮೀಟರಿನ ಹುಳು ಹತ್ತಿರ ಹತ್ತಿರ ಅರ್ಧ ಫೋಟೋ. ಗೆರೆ ಕಾಣುತ್ತದೆ.

ಮೂರೂ ಕೆಲಸಕ್ಕೆ ಒಂದೇ ಲೆನ್ಸ್: 18ರಿಂದ ಶುರುವಾಗಿ 135 ಅಥವಾ 140ರ ಸುತ್ತ ಮುಗಿಯುವ ಝೂಮ್. ಕೈ ನಡುಕ ತಡೆಯುವ ಸ್ಟೆಬಿಲೈಸರ್ ಇರಲೇಬೇಕು. ಕ್ಯಾನನ್‌ನಲ್ಲಿ ಅದಕ್ಕೆ ಐಎಸ್ ಅಂತಾರೆ, ನಿಕಾನ್‌ನಲ್ಲಿ ವಿಆರ್, ಟ್ಯಾಮ್ರಾನ್‌ನಲ್ಲಿ ವಿಸಿ. ನೆನಪಿರಲಿ, ಅದು ತಡೆಯುವುದು ನಮ್ಮ ಕೈ ನಡುಕವನ್ನು ಮಾತ್ರ. ಓಡುವ ಮಗುವನ್ನು ಅದು ನಿಲ್ಲಿಸುವುದಿಲ್ಲ, ಅದಕ್ಕೆ ಶಟರ್ 1/250ಕ್ಕಿಂತ ಮೇಲೇ ಇರಬೇಕು.

ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದವರಿಗೆ 18-135 ಐಎಸ್ ಎಸ್‌ಟಿಎಂ (2012) ಸಾಕು. 2016ರ ಯುಎಸ್‌ಎಂ ಸಿಕ್ಕರೆ ಇನ್ನೂ ಚುರುಕು. ನಿಕಾನ್ ಇದ್ದವರಿಗೆ 18-105 ವಿಆರ್ (2008) ಅಥವಾ 18-140 ವಿಆರ್ (2013). ಇವೆಲ್ಲ ಹೆಚ್ಚುಕಮ್ಮಿ ಅರ್ಧ ಕೆಜಿ ತೂಕದವು. ಮಿರರ್‌ಲೆಸ್ ಇದ್ದವರಿಗೆ ಸೋನಿ 18-135, ಕ್ಯಾನನ್ ಆರ್‌ಎಫ್-ಎಸ್ 18-150, ನಿಕಾನ್ ಝಡ್ 18-140 ಇವೆ.

ನಿಕಾನ್‌ನವರಿಗೆ ಎರಡು ಎಚ್ಚರಿಕೆ. ಡಿ3000, ಡಿ5000 ಸಾಲಿನ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. 50 ಎಂಎಂ 1.8ರಲ್ಲಿ 'ಡಿ' ಅಂತ ಇರುವುದನ್ನು ತಗೊಂಡರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. 'ಎಎಫ್-ಎಸ್' 'ಜಿ' ಇರುವುದನ್ನೇ ಕೇಳಿ. ಇನ್ನು 'ಎಎಫ್-ಪಿ' ಅಂತ ಬರೆದ ಲೆನ್ಸುಗಳು ಡಿ3100, ಡಿ3200, ಡಿ5100, ಡಿ7000ದಂಥ ಹಳೇ ಬಾಡಿಗಳಲ್ಲಿ ಕೆಲಸ ಮಾಡುವುದಿಲ್ಲ.

"ಅಷ್ಟೇ ಯಾಕೆ, 400ರವರೆಗೂ ಹೋಗಿ"

ಇದು ಇನ್ನೊಂದು ಕಡೆಯ ಆಸೆ. ಟ್ಯಾಮ್ರಾನ್ 18-400 ಬಂದಿದ್ದು 2017ರಲ್ಲಿ. ತೂಕ ಸುಮಾರು 700 ಗ್ರಾಂ. ಒಂದೇ ಲೆನ್ಸಿನಲ್ಲಿ ಮನೆಯೊಳಗೂ ಆಯಿತು, ಮರದ ತುದಿಯ ಹಕ್ಕಿಯೂ ಆಯಿತು ಅಂತ ಖುಷಿ. ಆದರೆ ತುದಿಯಲ್ಲಿ ಕಿಂಡಿ ಎಫ್ 6.3, ಚಿತ್ರ ಮೆತ್ತಗೆ, ದುಡ್ಡು ಜಾಸ್ತಿ. ಪಕ್ಷಿ ವೀಕ್ಷಣೆಯೇ ನಿಮ್ಮ ಕೆಲಸವಾದರೆ ಅದನ್ನು ಯೋಚಿಸಿ. ಗ್ರಾಮಸಭೆ ನಿಮ್ಮ ಕೆಲಸವಾದರೆ 135ಕ್ಕೆ ನಿಲ್ಲಿಸಿ.

"ಮೊಬೈಲ್ ಇದೆಯಲ್ಲಾ, ಲೆನ್ಸೇ ಯಾಕೆ"

ಇದು ನ್ಯಾಯವಾದ ಪ್ರಶ್ನೆ. ಕುಸಿದ ಮನೆಗೆ ಮೊಬೈಲ್ ಸಾಕು. ಕ್ಯಾಮೆರಾ ಇಲ್ಲದವರು ಕ್ಯಾಮೆರಾ ಬರುವವರೆಗೆ ಕಾಯುತ್ತಾ ಕೂರಬೇಡಿ, ಮೊಬೈಲಿನಲ್ಲೇ ಶುರು ಮಾಡಿ. ಆದರೆ ಮೂವತ್ತು ಅಡಿ ದೂರದ ವೇದಿಕೆಯನ್ನು ಅಗ್ಗದ ಮೊಬೈಲಿನಲ್ಲಿ ಬೆರಳಿಂದ ಹಿಗ್ಗಿಸಿದರೆ ಬರುವುದು ಚಿತ್ರವಲ್ಲ, ರಂಗೋಲಿ ಚುಕ್ಕಿ.

ಇನ್ನೊಂದು ಕಾರಣ ನಮಗೆ ಇದಕ್ಕಿಂತ ದೊಡ್ಡದು. ಸಾವಿನ ಮನೆಗೆ ನಾವು ಹೋಗಲೇಬೇಕಾಗುತ್ತದೆ. ಗಂಡನನ್ನು ಕಳಕೊಂಡ ಹೆಣ್ಣುಮಗಳ ಮುಖಕ್ಕೆ ಎರಡು ಅಡಿಯಲ್ಲಿ ಮೊಬೈಲ್ ಹಿಡಿಯುವ ಕೆಲಸ ಇವತ್ತು ಪ್ರತಿ ಚಾನೆಲ್ಲೂ ಮಾಡುತ್ತಿದೆ. ಮನೆಯವರ ಅನುಮತಿ ಕೇಳಿ, ಹದಿನೈದು ಅಡಿ ಹಿಂದೆ ನಿಂತು, 135ರಲ್ಲಿ ಒಂದೆರಡು ಚಿತ್ರ ತೆಗೆದು ಕ್ಯಾಮೆರಾ ಇಳಿಸಿದರೆ ಅವರ ದುಃಖಕ್ಕೆ ನಾವು ಅಡ್ಡ ಬರುವುದಿಲ್ಲ. ದೂರದಿಂದ ಕದ್ದು ತೆಗೆಯಲಿಕ್ಕೆ ಹೇಳುತ್ತಿಲ್ಲ, ಕೇಳಿ ತೆಗೆಯಿರಿ. ನಾಳೆ ಅದೇ ಮನೆಯ ಪರಿಹಾರದ ಅರ್ಜಿ ಎಲ್ಲಿಗೆ ಬಂತು ಅಂತ ವಿಚಾರಿಸಲು ಮತ್ತೆ ಅದೇ ಬಾಗಿಲಿಗೆ ನಾವು ಹೋಗಬೇಕಲ್ಲವೇ?

ಸೆಕೆಂಡ್ ಹ್ಯಾಂಡ್ ನಾಚಿಕೆಯಲ್ಲ

2018ರಲ್ಲಿ ಕ್ಯಾನನ್ ಆರ್, ನಿಕಾನ್ ಝಡ್ ಕ್ಯಾಮೆರಾಗಳು ಬಂದ ಮೇಲೆ ನಗರದ ಫೋಟೋಗ್ರಾಫರುಗಳು ಮಿರರ್‌ಲೆಸ್ ಕಡೆ ಹೊರಟರು. ಅವರು ಬಿಟ್ಟುಕೊಟ್ಟ ಡಿಎಸ್‌ಎಲ್‌ಆರ್ ಲೆನ್ಸುಗಳು ಬೆಂಗಳೂರಿನಲ್ಲಿ ಸಿಗುತ್ತವೆ. ನಾಗರಬಾವಿ, ಮಲ್ಲತ್ತಹಳ್ಳಿ, ಕೆಂಗೇರಿ ಸುತ್ತ ಓದು ಮುಗಿಸಿ ರೂಮು ಖಾಲಿ ಮಾಡುವ ಹುಡುಗರೂ ಮಾರುತ್ತಾರೆ. ಮಂಡ್ಯ, ರಾಮನಗರ ಕಡೆಯಿಂದ ಬರುವವರು ಕೆಂಗೇರಿಯಲ್ಲಿ ಇಳಿದರೆ ಹತ್ತಿರ. ಆನ್‌ಲೈನಿನಲ್ಲಿ ಫೋಟೋ ನೋಡಿ ಮುಂಗಡ ಕಳಿಸಬೇಡಿ. ನಿಮ್ಮ ಕ್ಯಾಮೆರಾ ಹಿಡಿದು, ಹಗಲು ಹೊತ್ತಿನಲ್ಲೇ ಬನ್ನಿ.

ಬಂದ ಮೇಲೆ ಹೀಗೆ ಪರೀಕ್ಷೆ ಮಾಡಿ:

ಮೊಬೈಲ್ ಟಾರ್ಚ್ ಹಾಕಿ ಲೆನ್ಸಿನ ಎರಡೂ ಕಡೆಯಿಂದ ಒಳಗೆ ನೋಡಿ. ಜೇಡರ ಬಲೆಯಂತೆ ಎಳೆ ಎಳೆ ಕಂಡರೆ ಅದು ಫಂಗಸ್, ಬೂಷ್ಟು. ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ. ನಾಲ್ಕು ಧೂಳಿನ ಕಣ ಕಂಡರೆ ಚಿಂತೆಯಿಲ್ಲ.

ಇಟ್ಟಿಗೆಯ ಕಾಂಪೌಂಡ್ ಗೋಡೆಗೆ ನೇರವಾಗಿ ನಿಂತು 18ರಲ್ಲಿ ಒಂದು, 50ರಲ್ಲಿ ಒಂದು, 135ರಲ್ಲಿ ಒಂದು ಫೋಟೋ ತೆಗೆಯಿರಿ. ನಾಲ್ಕು ಮೂಲೆ ಹಿಗ್ಗಿಸಿ ನೋಡಿ. ಒಂದೇ ಪಕ್ಕ ಮಾತ್ರ ಮಸುಕಾಗಿದ್ದರೆ ಲೆನ್ಸ್ ಕೆಳಗೆ ಬಿದ್ದಿರಬಹುದು.

ಕ್ಯಾಮೆರಾ ಕೆಳಮುಖ ಮಾಡಿ ಹಿಡಿಯಿರಿ. ಝೂಮ್ ಅದರಷ್ಟಕ್ಕೇ ಜಾರಿ ಇಳಿದರೆ ಒಳಗೆ ಸವೆದಿದೆ ಅಂತ ಅರ್ಥ, ಬೆಲೆ ಇಳಿಸಲು ಕೇಳಿ.

ಸ್ಟೆಬಿಲೈಸರ್ ಆನ್ ಮಾಡಿ ಒಂದು, ಆಫ್ ಮಾಡಿ ಒಂದು, 135ರಲ್ಲಿ 1/30 ಶಟರಿಗೆ ತೆಗೆದು ಹೋಲಿಸಿ. ವ್ಯತ್ಯಾಸ ಕಾಣಬೇಕು.

ಬಿಲ್ ಇದ್ದರೆ ಕೇಳಿ ಇಸಕೊಳ್ಳಿ. ಮಾರುವವರ ಹೆಸರಿನ ಬಿಲ್ ಇದ್ದರೆ ಕದ್ದ ಮಾಲು ಅಲ್ಲ ಅನ್ನುವ ಧೈರ್ಯ ಬರುತ್ತದೆ.

ಮನೆಗೆ ಒಯ್ದ ಮೇಲೆ, ಮಲೆನಾಡಿನವರು ಮುಖ್ಯವಾಗಿ, ಗಾಳಿ ಆಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿಯಲ್ಲಿ ಹುಗಿಯಬೇಡಿ. ಅಕ್ಕಿ ತೇವವನ್ನೂ ಸರಿಯಾಗಿ ಹೀರುವುದಿಲ್ಲ, ತೌಡಿನ ಧೂಳನ್ನೂ ಲೆನ್ಸಿಗೆ ಮೆತ್ತುತ್ತದೆ.

ಮದುವೆ ಮಾಡುವವರಿಗೆ ಒಂದು ಮಾತು

ಮದುವೆ ಫೋಟೋ ಕೆಟ್ಟ ಕೆಲಸ ಅಂತ ನಾವು ಹೇಳಿಲ್ಲ. ಅದರಿಂದಲೇ ಎಷ್ಟೋ ಮನೆ ನಡೆಯುತ್ತಿವೆ. ಛತ್ರದ ಬೆಳಕಿಗೆ ಎಫ್ 2.8 ದುಡಿಯುವ ಎತ್ತಿದ್ದಂತೆ, ನಿಜ. ಆದರೂ ಸಾದಾ ಬಾಡಿ ಇದ್ದವರಿಗೆ ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 17-50 ಎಫ್ 2.8 ಇದೆ. ಲಕ್ಷದ 24-70ಕ್ಕಿಂತ ಬಹಳ ಅಗ್ಗ, ಛತ್ರದೊಳಗೆ ಅಗಲವೂ ಜಾಸ್ತಿ ಹಿಡಿಯುತ್ತದೆ. ವರ್ಷಕ್ಕೆ ನಾಲ್ಕೇ ಮದುವೆ ಅಂದರೆ ಆ ದಿನಕ್ಕೆ ಲೆನ್ಸ್ ಬಾಡಿಗೆಗೆ ತನ್ನಿ.

ನಮ್ಮ ಜಗಳ ಇರುವುದು ಮದುವೆಯ ಲೆನ್ಸನ್ನು ಸುದ್ದಿಯವರ ತಲೆಗೆ ಕಟ್ಟುವವರ ಜೊತೆ. "ಇದಿಲ್ಲದಿದ್ದರೆ ನೀನು ಫೋಟೋಗ್ರಾಫರೇ ಅಲ್ಲ" ಅಂತ ಹಳ್ಳಿಯ ಹುಡುಗಿಯೊಬ್ಬಳಿಗೆ ಹೇಳಿದರೆ ಅವಳಿಗೆ ಎರಡೇ ದಾರಿ. ಸಾಲ ಮಾಡಬೇಕು, ಇಲ್ಲ ಕ್ಯಾಮೆರಾ ಬಿಡಬೇಕು. ಎರಡರಲ್ಲೂ ಅವಳೂರಿನ ಕೆರೆ, ಶಾಲೆ, ಪಡಿತರ ಅಂಗಡಿಯ ಫೋಟೋ ತೆಗೆಯುವವರು ಇಲ್ಲವಾಗುತ್ತಾರೆ. ಯಾರೂ ಫೋಟೋ ತೆಗೆಯದ ಊರಲ್ಲಿ ಯಾರಿಗೆ ಅನುಕೂಲ ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ತಿಂಗಳ ಕಂತಿನ ಆ 5,000 ರೂಪಾಯಿ ಉಳಿಯಿತು ಅಂತಿಟ್ಟುಕೊಳ್ಳಿ. ಮಾಹಿತಿ ಹಕ್ಕು ಅರ್ಜಿಯ ಶುಲ್ಕ 10 ರೂಪಾಯಿ, ನಕಲು ಪ್ರತಿ ಪುಟಕ್ಕೆ 2 ರೂಪಾಯಿ. ನಾಮಫಲಕ ಓದುವಂತೆ ಬಂದ ಒಂದು ಫೋಟೋ, ಅದೇ ಕಾಮಗಾರಿಯ ಬಿಲ್ಲಿನ ನಕಲು, ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ. ಫೋಟೋ ಯಾವ ಲೆನ್ಸಿನಲ್ಲಿ ತೆಗೆದಿದ್ದು ಅಂತ ಪಂಚಾಯಿತಿಯಲ್ಲಿ ಒಬ್ಬರೂ ಕೇಳುವುದಿಲ್ಲ.